‘ಫೇರ್ಲಿ ಗುಡ್’ ಅಂದ್ರೆ ಹೊಗಳಿಕೆಯಾ?

ಪ್ರಶ್ನೆ: ಮಗಳ ಪ್ರೋಗ್ರೆಸ್ ಕಾರ್ಡಿನಲ್ಲಿ ಟೀಚರ್ ‘ಫೇರ್ಲಿ ಗುಡ್’ ಎಂದು ಬರೆದಿದ್ದಾರೆ. ಫೇರ್ ಅಂದ್ರೆ ನ್ಯಾಯ ಅಲ್ವಾ, ಹಾಗಾಗಿ ‘ಕಾಪಿ ಹೊಡೆಯದೆ ಚೆನ್ನಾಗಿ ಬರೆದಿದ್ದಾಳೆ’ ಅಂತ ಅರ್ಥ ಎನ್ನುತ್ತಾರೆ ನಮ್ಮ ಯಜಮಾನರು. ನನಗೇಕೋ ಅನುಮಾನ. ಸರಿಯಾಗಿ ಬಿಡಿಸಿ ಹೇಳುತ್ತೀರಾ?
— ಓದುಗರೊಬ್ಬರು, ತಿಪಟೂರು

ಉತ್ತರ: ನಿಮ್ಮ ಅನುಮಾನವೇ ಸರಿ. ಯಜಮಾನರಿಗೆ ಬೇಜಾರಾಗದ ಹಾಗೆ ತಿಳಿಸಿ. ‘ಫೇರ್ಲಿ ಗುಡ್’ ಅಂದ್ರೆ ಪರವಾಗಿಲ್ಲ, ತಕ್ಕಮಟ್ಟಿಗೆ ಚೆನ್ನಾಗಿದೆ ಅಂತ ಅಷ್ಟೇ. ಸುಮ್ನೆ ‘ಗುಡ್’ ಎಂದು ಬರೆದಿದ್ದರೆ ಇದಕ್ಕಿಂತ ಒಂದು ಮೆಟ್ಟಿಲು ಮೇಲೆ. ತಮಾಷೆ ನೋಡಿ, ಪದ ಒಂದು ಜಾಸ್ತಿಯಾಯಿತು, ಹೊಗಳಿಕೆ ಕಡಿಮೆಯಾಯಿತು.

ಹಾಗಂತ ನ್ಯಾಯದ ಅರ್ಥ ಇಲ್ಲವೇ ಇಲ್ಲ ಅಂತಲ್ಲ. ಫೇರ್ಲಿ ಯಾವ ಪದಕ್ಕೆ ಅಂಟಿಕೊಂಡಿದೆ ಅಂತ ನೋಡಬೇಕು. ಕ್ರಿಯಾಪದಕ್ಕೆ ಅಂಟಿದರೆ ಸಾಮಾನ್ಯವಾಗಿ ನ್ಯಾಯವಾಗಿ, ಭೇದ ಮಾಡದೆ, ಮೋಸವಿಲ್ಲದೆ. ಗುಡ್, ಬಿಗ್, ವೆಲ್ ಥರದ ಪದಕ್ಕೆ ಅಂಟಿದರೆ ತಕ್ಕಮಟ್ಟಿಗೆ. ‘ದೇ ಪ್ಲೇಡ್ ಫೇರ್ಲಿ’ ಅಂದ್ರೆ ಮೋಸವಿಲ್ಲದೆ ಆಡಿದರು. ಅದರ ಬಾಲಕ್ಕೆ ಒಂದು ‘ವೆಲ್’ ಸೇರಿಸಿ ‘ದೇ ಪ್ಲೇಡ್ ಫೇರ್ಲಿ ವೆಲ್’ ಅನ್ನಿ, ನ್ಯಾಯ ಮಾಯವಾಗಿ ‘ಪರವಾಗಿಲ್ಲ, ಆಡಿದರು’ ಅಂತಾಗುತ್ತದೆ. ಮೋಸ ಮಾಡಿಕೊಂಡೇ ಫೇರ್ಲಿ ವೆಲ್ ಆಡುವವರೂ ಇದ್ದಾರೆ!

ಒಂದೇ ಪದಕ್ಕೆ ಹೀಗೆ ಎರಡು ಮುಖ ಹೇಗೆ ಬಂತು? ಹಳೇ ಇಂಗ್ಲಿಷಿನಲ್ಲಿ ಫೇರ್ ಅಂದ್ರೆ ಚೆಂದ, ಚೆಲುವು. ಬಿಳಿ ಮೈಬಣ್ಣ, ನ್ಯಾಯ, ‘ಅಷ್ಟೇನೂ ಕೆಟ್ಟದ್ದಲ್ಲ’ ಅನ್ನುವ ಅರ್ಥಗಳೆಲ್ಲ ಆಮೇಲೆ ಬಂದವು. (ಬಿಳಿ ಬಣ್ಣದ ಆ ಅರ್ಥಕ್ಕೆ ಟೀಕೆ ಜಾಸ್ತಿಯಾಗಿಯೇ 2020ರಲ್ಲಿ ‘ಫೇರ್ ಅಂಡ್ ಲವ್ಲಿ’ ಕ್ರೀಮು ‘ಗ್ಲೋ ಅಂಡ್ ಲವ್ಲಿ’ ಆಗಿದ್ದು.) ಜಾತ್ರೆ ಅನ್ನುವ ಫೇರ್ ಮಾತ್ರ ಬೇರೆ ಮನೆಯದು, ಲ್ಯಾಟಿನ್ ಮೂಲದ್ದು.

ಇದೇನು ಇಂಗ್ಲಿಷಿನ ವಿಚಿತ್ರ ಅಂದುಕೊಳ್ಳಬೇಡಿ. ನೀವೇ ಪ್ರಶ್ನೆಯಲ್ಲಿ ಬರೆದ ‘ಸರಿಯಾಗಿ’ಯನ್ನೇ ತೆಗೆದುಕೊಳ್ಳಿ. ಅಣ್ಣತಮ್ಮಂದಿರಿಗೆ ಜಮೀನು ‘ಸರಿಯಾಗಿ ಹಂಚಿದರು’ ಅಂದ್ರೆ ನ್ಯಾಯ. ‘ಸರಿಯಾಗಿ ಬಿತ್ತು ನೋಡು ಏಟು’ ಅಂದ್ರೆ ಅಲ್ಲಿ ನ್ಯಾಯದ ಮಾತಿಲ್ಲ, ಎಷ್ಟು ಬಿತ್ತು ಅನ್ನುವುದರ ಅಳತೆ. ನಮ್ಮ ‘ಸರಿಯಾಗಿ’ ಜಾಸ್ತಿಯ ಕಡೆ ಹೋಯಿತು, ಅವರ ‘ಫೇರ್ಲಿ’ ಸಾಧಾರಣಕ್ಕೆ ಬಂದು ನಿಂತಿತು.

‘ರಾದರ್’ ಜೊತೆಗೂ ಇದನ್ನು ಕಲಸಿಬಿಡುತ್ತೇವೆ. ಬ್ರಿಟಿಷರ ಬಳಕೆಯಲ್ಲಿ ‘ಕಾಫಿ ಈಸ್ ಫೇರ್ಲಿ ಹಾಟ್’ ಅಂದ್ರೆ ಹದವಾಗಿ ಬಿಸಿಯಿದೆ, ಕುಡಿಯಿರಿ. ‘ರಾದರ್ ಹಾಟ್’ ಅಂದ್ರೆ ಯಾಕೋ ಜಾಸ್ತಿಯೇ ಬಿಸಿ, ನಾಲಿಗೆ ಜೋಪಾನ. ಇನ್ನು ಹುಷಾರು ತಪ್ಪಿದವರನ್ನು ವಿಚಾರಿಸಿದಾಗ ‘ಫೇರ್ಲಿ ಬೆಟರ್’ ಅನ್ನುವುದು ತಪ್ಪು. ಬೆಟರ್, ಬಿಗರ್ ಥರ ಹೋಲಿಸುವ ಪದಗಳ ಜೊತೆ ಫೇರ್ಲಿ ಕೂರುವುದಿಲ್ಲ. ‘ಎ ಲಿಟಲ್ ಬೆಟರ್’ ಅನ್ನಿ, ಸಾಕು.

ಮಗಳು ಮುಂದೆ ಕೆಲಸಕ್ಕೆ ಸೇರಿದಾಗಲೂ ಇದು ಬೇಕಾಗುತ್ತದೆ. ‘ಫೇರ್ಲಿ ಪೇಯ್ಡ್’ ಅಂದ್ರೆ ದುಡಿಮೆಗೆ ತಕ್ಕ ಸಂಬಳ. ‘ಫೇರ್ಲಿ ವೆಲ್ ಪೇಯ್ಡ್’ ಅಂದ್ರೆ ಸಂಬಳ ಪರವಾಗಿಲ್ಲ, ಆದರೆ ಅದು ದುಡಿಮೆಗೆ ತಕ್ಕದ್ದೋ ಅಲ್ಲವೋ, ಅವಳನ್ನೇ ಕೇಳಬೇಕು.