ಹಳೆಯ ಅಚ್ಚುಕೂಟದ ಸೀಸವನ್ನು ಗುಜರಿಗೆ ಹಾಕಿ ಟ್ರೆಡಲ್ ಯಂತ್ರವನ್ನಷ್ಟೇ ಉಳಿಸಿಕೊಳ್ಳಬಹುದೇ?

ಸೀಸದ ಅಕ್ಷರಗಳನ್ನೂ ತುಂಡುಗಳನ್ನೂ ಮಾರಿದ ಹಣದಲ್ಲಿ ಪಾಲಿಮರ್ ಪ್ಲೇಟ್ (ಉಬ್ಬಕ್ಷರದ ಪ್ಲಾಸ್ಟಿಕ್ ಹಾಳೆ) ಮಾಡಿಸಿ, ತಾತನ ಟ್ರೆಡಲ್‌ನಲ್ಲಿ, ಅಂದರೆ ಕಾಲಿನಿಂದ ತುಳಿದು ಓಡಿಸುವ ಮುದ್ರಣಯಂತ್ರದಲ್ಲಿ, ಲಗ್ನಪತ್ರಿಕೆ ಮುದ್ರಿಸುವ ಯೋಚನೆ ನಿಮ್ಮದು. ತಂದೆಯವರ ಅಚ್ಚುಕೂಟ ಕೈಗೆ ಬಂದಾಗ ನಾನು ಮಾಡಿದ್ದೂ ಹೆಚ್ಚುಕಡಿಮೆ ಇದನ್ನೇ. ಕನ್ನಡದ ಮೊಳೆ (ಒಂದೊಂದು ಅಕ್ಷರದ ಸೀಸದ ಅಚ್ಚು) ಎರಕ ಹೊಯ್ದು ಕೊಡುವವರು ಇನ್ನು ಸಿಗುವುದು ಕಷ್ಟವೆಂದು ತಿಳಿದಿದ್ದರಿಂದ, ಅಕ್ಷರಗಳಿದ್ದ ಕೇಸುಗಳನ್ನು (ಖಾನೆಗಳಿರುವ ತಟ್ಟೆಗಳನ್ನು) ಉಳಿಸಿಕೊಂಡು, ಅಕ್ಷರವಿಲ್ಲದ ಬೋಳು ತುಂಡುಗಳನ್ನು ಮಾತ್ರ ತೂಕಕ್ಕೆ ಹಾಕಿದೆ. ಬಹಳ ಜಾಣತನವೆಂದುಕೊಂಡಿದ್ದೆ, ಅದೇ ತಪ್ಪಾಯಿತು.

ಕಾಗದದ ಮೇಲೆ ಬಿಳಿಯಾಗಿ ಕಾಣುವ ಜಾಗವೆಲ್ಲ ಅಚ್ಚಿನಲ್ಲಿ ಗಟ್ಟಿ ವಸ್ತುವೇ ಆಗಿರುತ್ತದೆ. ಬೋಳು ತುಂಡುಗಳು ಇರುವುದು ಅದಕ್ಕೇ: ಪದಗಳ ನಡುವೆ ಸ್ಪೇಸ್, ಸಾಲಿನ ತುದಿಯಲ್ಲಿ ಅದಕ್ಕಿಂತ ಅಗಲದ ಕ್ವಾಡ್, ಸಾಲುಗಳ ನಡುವೆ ಲೆಡ್ ಪಟ್ಟಿ, ಪುಟದ ಸುತ್ತ ಚೇಸಿನವರೆಗೆ (ಅಚ್ಚನ್ನು ಬಿಗಿಯುವ ಲೋಹದ ಚೌಕಟ್ಟಿನವರೆಗೆ) ಫರ್ನಿಚರ್ ಎಂಬ ದೊಡ್ಡ ತುಂಡುಗಳು. ಮೊಳೆಯ ಎತ್ತರ 0.918 ಇಂಚು, ಇವು ಅದಕ್ಕಿಂತ ಗಿಡ್ಡವಾಗಿರುವುದರಿಂದ ಶಾಯಿಯ ರೋಲರ್ ತಾಗುವುದಿಲ್ಲ, ಅಷ್ಟೇ. ಅಚ್ಚಿಗೆ ಅಂಟಿಲ್ಲ, ಸ್ಕ್ರೂ ಇಲ್ಲ, ಅಕ್ಕಪಕ್ಕದ ಬಿಗಿಯೊಂದೇ ಎಲ್ಲವನ್ನೂ ಹಿಡಿದಿರುತ್ತದೆ. ಒಂದು ಸಾಲಿನ ಉದ್ದ ಕೂದಲೆಳೆಯಷ್ಟು ಕಡಿಮೆಯಾದರೂ ಆ ಸಾಲಿನ ಮೊಳೆಗಳು ಸಡಿಲಗೊಳ್ಳುತ್ತವೆ. ಟ್ರೆಡಲ್‌ನಲ್ಲಿ ಅಚ್ಚು ನೆಟ್ಟಗೆ ನಿಲ್ಲುವುದರಿಂದ ಸಡಿಲವಾದ ಮೊಳೆ ಕೆಳಗೆ ಬೀಳದೆ ಬೇರೆ ದಾರಿಯಿಲ್ಲ.

ಲೆಡ್ ಇಲ್ಲದ ಕಡೆ ನಾನು ರಟ್ಟಿನ ಪಟ್ಟಿ ಇಟ್ಟೆ. ರಟ್ಟು ಒತ್ತಡಕ್ಕೆ ಕುಗ್ಗಿತು, ಬಿಗಿ ಹೋಯಿತು, ಜಾರಿ ಬಿದ್ದ ಮೊಳೆಗಳು ಪ್ಲೇಟನ್ನಿನ (ಕಾಗದವನ್ನು ಅಚ್ಚಿಗೆ ಒತ್ತುವ ಫಲಕದ) ಕೆಳಗೆ ಸಿಕ್ಕಿ ನಜ್ಜುಗುಜ್ಜಾದವು. ಅಂದರೆ ಅಷ್ಟು ಜೋಪಾನವಾಗಿ ಉಳಿಸಿಕೊಂಡಿದ್ದ ಅಕ್ಷರಗಳನ್ನೇ, ಬೋಳು ತುಂಡುಗಳಿಲ್ಲದೆ ನನ್ನ ಕೈಯಾರೆ ಹಾಳುಮಾಡಿದೆ. ಕನ್ನಡದಲ್ಲಿ ಗುಣಿತಕ್ಕೂ ಒತ್ತಿಗೂ ಬೇರೆ ಮೊಳೆಗಳಿರುವುದರಿಂದ, ಒಂದು ಒತ್ತು ಕಳೆದುಹೋದರೆ ಅದು ಬರುವ ಪದವನ್ನೇ ಜೋಡಿಸಲಾಗುವುದಿಲ್ಲ.

ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ 1894ರಲ್ಲಿ ಅಚ್ಚಾದ ಕಿಟೆಲ್ ನಿಘಂಟಿನ ಒಂದು ಪುಟವನ್ನು ಗಮನವಿಟ್ಟು ನೋಡಿ. ಕನ್ನಡವೂ ರೋಮನ್ ಲಿಪಿಯೂ ಒಂದೇ ಸಾಲಿನಲ್ಲಿ ಬರುವ ಅಂಥ 1700ಕ್ಕೂ ಹೆಚ್ಚು ಪುಟಗಳು ನೇರವಾಗಿ ನಿಂತದ್ದರ ಹಿಂದೆ ಈ ಬೋಳು ತುಂಡುಗಳ ಲೆಕ್ಕಾಚಾರವಿದೆ. 

ಪಾಲಿಮರ್‌ಗೆ ಇದೆಲ್ಲ ಬೇಡವೆಂದುಕೊಳ್ಳಬೇಡಿ. ಪ್ಲೇಟನ್ನು ಅಂಟಿಸುವ ಲೋಹದ ಬೇಸನ್ನೂ ಚೇಸಿನೊಳಗೆ ಫರ್ನಿಚರ್, ಕ್ವಾಯಿನ್ (ಬಿಗಿಯುವ ಬೆಣೆ) ಇಟ್ಟೇ ಬಿಗಿಯಬೇಕು. ಇನ್ನು, ಕಾಗದ ಹಳ್ಳಬೀಳುವಂತೆ ಒತ್ತಿದರೇ ಲೆಟರ್‌ಪ್ರೆಸ್ (ಉಬ್ಬಕ್ಷರಕ್ಕೆ ಶಾಯಿ ಹಚ್ಚಿ ಒತ್ತುವ ಈ ಮುದ್ರಣ) ಎಂಬ ಈಗಿನ ಶೋಕಿ ನನಗೆ ಹಿಡಿಸುವುದಿಲ್ಲ. ಹಾಳೆಯ ಹಿಂಬದಿ ಉಬ್ಬಿದರೆ ಹಳೆಯ ಮುದ್ರಕರು ಅದನ್ನು ದೋಷವೆಂದೇ ಎಣಿಸುತ್ತಿದ್ದರು, ಏಕೆಂದರೆ ಹಾಗೆ ಒತ್ತಿದರೆ ಸೀಸದ ಮೊಳೆಯ ಮುಖ ಬೇಗ ಸವೆಯುತ್ತದೆ. ಗ್ರಾಹಕರು ಹಳ್ಳವನ್ನೇ ಕೇಳಿದರೆ ಅದನ್ನು ಪಾಲಿಮರ್‌ನಲ್ಲಿ ಮಾಡಿ, ಮೊಳೆಯಲ್ಲಿ ಖಂಡಿತ ಬೇಡ.

ಲಗ್ನಪತ್ರಿಕೆಯನ್ನೇ ನಂಬಿ ಕೂರುವುದೂ ನನಗೆ ಸರಿಯೆನಿಸದು, ಅದು ವರ್ಷದ ಕೆಲವು ತಿಂಗಳ ವ್ಯಾಪಾರ. ಬಿಲ್ ಪುಸ್ತಕಗಳಿಗೆ ನಂಬರ್ ಹಾಕುವುದು, ಪರ್ಫೊರೇಷನ್ (ಹರಿಯಲು ತೂತಿನ ಸಾಲು), ಕ್ರೀಸಿಂಗ್ (ಮಡಿಕೆಯ ಗೆರೆ), ಡೈ ಕಟಿಂಗ್ (ಬೇಕಾದ ಆಕಾರಕ್ಕೆ ಕತ್ತರಿಸುವುದು) ಇವೆಲ್ಲ ಇಂದಿಗೂ ಟ್ರೆಡಲ್‌ಗೆ ಒಗ್ಗುವ ಕೆಲಸಗಳು. ಊರಿನ ಆಫ್‌ಸೆಟ್‌ನವರ ಬಳಿ ಹೋಗಿ ಮೊದಲು ಅವನ್ನು ಕೇಳಿ. ಗುಜರಿಯವನಿಗೆ ಏನಾದರೂ ಕೊಡಲೇಬೇಕೆಂದಿದ್ದರೆ ಮುಖ ಸವೆದ, ಮೂಲೆ ಮುರಿದ ಮೊಳೆಗಳನ್ನು ಆರಿಸಿ ಕೊಡಿ, ಬೋಳು ತುಂಡುಗಳನ್ನು ಮಾತ್ರ 8, 10, 12 ಪಾಯಿಂಟ್ (ಮೊಳೆಯ ಗಾತ್ರದ ಅಳತೆ) ಎಂದು ಅಳತೆವಾರು ಬೇರ್ಪಡಿಸಿ ಡಬ್ಬಿಗಳಲ್ಲಿ ತುಂಬಿಡಿ.