ಕಮ್ಯುನಿಕೇಟರ್ ಪ್ರತಿಕೃತಿ: ಕವಚ, ಹಿತ್ತಾಳೆ ಮುಚ್ಚಳ, ತಿರುಗುವ ತಟ್ಟೆ

ನಮಸ್ಕಾರ. 1966ರಲ್ಲಿ ಆರಂಭವಾದ ಸ್ಟಾರ್ ಟ್ರೆಕ್ ಟಿವಿ ಧಾರಾವಾಹಿಯ ಕಮ್ಯುನಿಕೇಟರನ್ನು, ಅಂದರೆ ಪಾತ್ರಗಳು ದೂರದವರೊಡನೆ ಮಾತನಾಡಲು ಮುಚ್ಚಳ ತೆರೆದು ಬಳಸುವ ಕೈಸಾಧನವನ್ನು, ಮನೆಯಲ್ಲಿಯೇ ಮಾಡಲು ಹೊರಟಿರುವ ತಾವು, ಅದರ ಕಪ್ಪು ಕವಚವನ್ನು ತ್ರೀಡಿ ಪ್ರಿಂಟರಿನಲ್ಲಿ ತೆಗೆಯುವುದು ಸರಿಯೇ ಎಂದು ಕೇಳಿದ್ದೀರಿ. ತೆಗೆಯಬಹುದು, ಆದರೆ ನಾನು ಆ ದಾರಿಯನ್ನು ಹಿಡಿಯುವುದಿಲ್ಲ. ಕಲಾವಿದ ವಾ ಮಿಂಗ್ ಚಾಂಗ್ ಅವರು ಧಾರಾವಾಹಿಗಾಗಿ ಮಾಡಿಕೊಟ್ಟ ಮೂಲ ಕಮ್ಯುನಿಕೇಟರುಗಳ ಕವಚವು ಕೈಡೆಕ್ಸ್ ಎಂಬ ಪ್ಲಾಸ್ಟಿಕ್ ಹಾಳೆಯನ್ನು ಕಾಯಿಸಿ, ಅಚ್ಚಿನ ಮೇಲೆ ಹಾಸಿ, ಕೆಳಗಿನಿಂದ ಗಾಳಿ ಎಳೆದು ರೂಪಿಸಿದ್ದು. ಅದರ ಮೂಲೆಗಳ ಮೆದು ದುಂಡುತನ ಬಂದಿರುವುದೇ ಆ ಕ್ರಮದಿಂದ. ಪ್ರಿಂಟರಿನ ಪದರಗಳನ್ನು ಎಷ್ಟು ಉಜ್ಜಿದರೂ ಅದು ಸುಲಭವಾಗಿ ಒದಗುವುದಿಲ್ಲ.

ನಮ್ಮ ಕೈಗೆ ಸುಲಭವಾಗಿ ಸಿಗುವುದು 2 ಮಿ.ಮೀ. ದಪ್ಪದ ಎಬಿಎಸ್ ಎಂಬ ಪ್ಲಾಸ್ಟಿಕ್ ಹಾಳೆ. ಅದು ಅಚ್ಚಿನ ಹೊರಮೈಗೆ ತನ್ನ ದಪ್ಪವನ್ನು ಸೇರಿಸುವುದರಿಂದ, ಮರದ ಅಚ್ಚನ್ನು ಎಲ್ಲ ಬದಿಗಳಲ್ಲಿಯೂ ಅಷ್ಟೇ ಕಿರಿದಾಗಿ ಕೆತ್ತಬೇಕು. ಪಕ್ಕದ ಗೋಡೆಗಳಿಗೆ ಮೂರರಿಂದ ಐದು ಡಿಗ್ರಿ ಇಳಿಜಾರು ಇರಲೇಬೇಕು. ನನ್ನ ಮೊದಲ ಅಚ್ಚಿನ ಗೋಡೆಗಳನ್ನು ನೇರವಾಗಿ ನಿಲ್ಲಿಸಿದ್ದರಿಂದ, ತಣ್ಣಗಾದ ಹಾಳೆ ಅಚ್ಚನ್ನು ಕಚ್ಚಿಕೊಂಡು, ಕೊನೆಗೆ ಉಳಿಯಿಂದ ಎರಡನ್ನೂ ಸೀಳಬೇಕಾಯಿತು. ಗಾಳಿ ಸಿಕ್ಕಿಕೊಳ್ಳುವ ಮೂಲೆಗಳಲ್ಲಿ 1 ಮಿ.ಮೀ. ರಂಧ್ರಗಳನ್ನು ಕೊರೆದು, ಮೇಲೆ ತೆಳುವಾಗಿ ಟಾಲ್ಕಂ ಪುಡಿಯನ್ನು ಸವರಿರಿ. ಎಬಿಎಸ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆಯಾದ್ದರಿಂದ, ವಿಶೇಷವಾಗಿ ಮಳೆಗಾಲದಲ್ಲಿ, ಹಾಳೆಯನ್ನು ಮೊದಲು 80 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎರಡು ಮೂರು ಗಂಟೆ ಒಣಗಿಸಿರಿ. ಇಲ್ಲವಾದರೆ ಕಾಯಿಸುವಾಗ ಮೈತುಂಬ ಗುಳ್ಳೆಗಳೇಳುತ್ತವೆ. ಚೌಕಟ್ಟಿಗೆ ಬಿಗಿದ ಹಾಳೆ ನಡುವೆ ಜೋತು ಬಿದ್ದಾಗ ತಡಮಾಡದೆ ಅಚ್ಚಿನ ಮೇಲಿಳಿಸಿ, ಕೆಳಗಿನಿಂದ ಗಾಳಿ ಎಳೆಯುವಂತೆ ಜೋಡಿಸಿದ ವ್ಯಾಕ್ಯೂಮ್ ಕ್ಲೀನರನ್ನು ಚಾಲೂ ಮಾಡಿರಿ. ಅಡುಗೆಯ ಓವನ್ ಇದಕ್ಕೆ ಬೇಡ, ಕಿಟಕಿಗಳು ತೆರೆದಿರಲಿ.

ಮುಚ್ಚಳಕ್ಕೆ ತೂತುಗಳಿರುವ ಹಿತ್ತಾಳೆ ತಗಡನ್ನೇ ಬಳಸಿರಿ. ಬಣ್ಣ ಬಳಿದ ಪ್ಲಾಸ್ಟಿಕ್ ಫೋಟೋದಲ್ಲಿ ಮೋಸ ಮಾಡೀತು, ಆದರೆ ಮಣಿಕಟ್ಟನ್ನು ಝಾಡಿಸಿದಾಗ ತೆರೆದುಕೊಳ್ಳುವಷ್ಟು ತೂಕ ಅದಕ್ಕಿರುವುದಿಲ್ಲ. ತಗಡಿನ ಅಂಚಿಗೆ ಹಿತ್ತಾಳೆ ತಂತಿಯನ್ನು ಬೆಸೆದರೆ ಅದು ಬಾಗುವುದಿಲ್ಲ. ಮುಚ್ಚಳ ತಿರುಗುವ ಕೀಲಿಗೆ ಹಿತ್ತಾಳೆ ಕೊಳವೆ ಮತ್ತು ಅದರೊಳಗೆ ತುಸು ಬಿಗಿಯಾಗಿ ಕೂರುವ ಕಡ್ಡಿ ಸಾಕು.

ಮೂಲದ ಕೆಲವು ಕಮ್ಯುನಿಕೇಟರುಗಳಲ್ಲಿ ಸ್ಟಾಪ್‌ವಾಚಿನ ಯಂತ್ರವೊಂದು ಮೊಯರೆ ಚಿತ್ತಾರದ ತಟ್ಟೆಯನ್ನು ತಿರುಗಿಸುತ್ತಿತ್ತು. ಎರಡು ಸೊಳ್ಳೆಪರದೆಗಳು ಒಂದರ ಮೇಲೊಂದು ಬಿದ್ದಾಗ ಏಳುವ ಅಲೆಗಳೇ ಮೊಯರೆ. ತಾವು ಎರಡು ಪಾರದರ್ಶಕ ಹಾಳೆಗಳ ಮೇಲೆ, ನಡುಬಿಂದುವಿನಿಂದ ಹೊರಡುವ 120 ಗೆರೆಗಳನ್ನು ಮುದ್ರಿಸಿಕೊಂಡು, ಒಂದನ್ನು ಕವಚಕ್ಕೆ ಅಂಟಿಸಿ, ಇನ್ನೊಂದನ್ನು ಅದರ ಕೆಳಗೆ ನಡುಬಿಂದು 2 ಮಿ.ಮೀ. ಪಕ್ಕಕ್ಕೆ ಸರಿದಿರುವಂತೆ ಕೂರಿಸಿರಿ. ಗೆರೆಗಳ ನಡುವೆ 3 ಡಿಗ್ರಿ ಅಂತರವಿರುವುದರಿಂದ, ಕೆಳಗಿನ ತಟ್ಟೆ 3 ಡಿಗ್ರಿ ತಿರುಗಿದರೆ ಸಾಕು, ಇಡೀ ಚಿತ್ತಾರ ಒಂದು ಪಟ್ಟೆಯಷ್ಟು ಹರಿಯುತ್ತದೆ; ಅಂದರೆ ನಿಮಿಷಕ್ಕೆ ಒಂದೇ ಸುತ್ತು ಹಾಕುವ ತಟ್ಟೆಯಲ್ಲಿಯೂ ಸೆಕೆಂಡಿಗೆ ಎರಡು ಪಟ್ಟೆಗಳು ದಾಟುತ್ತವೆ. ವೇಗದ ಮೋಟರನ್ನು ಹಾಕಿದವರ ತಟ್ಟೆ ಬರಿಯ ಬೂದು ಮಸುಕಾಗಿ ಕಾಣುವುದು ಈ ಕಾರಣದಿಂದಲೇ. ಟಿಕ್ ಟಿಕ್ ಎನ್ನದೆ ಸರಾಗವಾಗಿ ಓಡುವ ಸೆಕೆಂಡ್ ಮುಳ್ಳಿನ ಚಿಕ್ಕ ಮೇಜಿನ ಗಡಿಯಾರದ ಯಂತ್ರವನ್ನು ಬಿಚ್ಚಿಕೊಂಡರೆ ನಿಮಿಷಕ್ಕೊಂದು ಸುತ್ತು ತಾನಾಗಿಯೇ ದೊರೆಯುತ್ತದೆ. ಅದು ಕವಚದೊಳಗೆ ಹಿಡಿಸುತ್ತದೆಯೇ ಎಂಬುದನ್ನು ಮಾತ್ರ ಅಚ್ಚನ್ನು ಕೆತ್ತುವ ಮೊದಲೇ ಅಳೆದು ನೋಡಿರಿ, ಮತ್ತು ಬ್ಯಾಟರಿ ಬದಲಿಸಬೇಕಾಗುವುದರಿಂದ ಹಿಂಬದಿಯನ್ನು ಅಂಟಿಸದೆ ಸ್ಕ್ರೂಗಳಿಂದ ಬಿಗಿಯಿರಿ.