ಪಾಯಿಂಟ್ ಬಂದಾಗ ಕೂಗೋದು ತಪ್ಪಾ?

ಪ್ರಶ್ನೆ: ನನ್ನ ಮಗನಿಗೆ 13 ವರ್ಷ, ಟೇಬಲ್ ಟೆನಿಸ್ ಆಡುತ್ತಾನೆ. ಮೊನ್ನೆ ಒಂದು ಟೂರ್ನಿಯಲ್ಲಿ ಎದುರಾಳಿ ಹುಡುಗ ಪ್ರತಿ ಪಾಯಿಂಟಿಗೂ ಮುಷ್ಟಿ ಬಿಗಿದು ‘ಚೋ’ ಅಂತ ಕಿರುಚುತ್ತಿದ್ದ. ನನ್ನ ಮಗನ ಸರ್ವಿಸ್ ನೆಟ್‌ಗೆ ಬಿದ್ದಾಗಲೂ ಇವನ ಮುಖ ನೋಡಿಕೊಂಡೇ ಕೂಗಿದ. ಅಂಪೈರ್ ಏನೂ ಹೇಳಲಿಲ್ಲ. ಮಗ ಸೋತ. ಈಗ ಕೋಚ್ ‘ನೀನೂ ಕೂಗೋದು ಕಲಿ’ ಅನ್ನುತ್ತಿದ್ದಾರೆ. ಇವನೋ ಮೊದಲಿಂದಲೂ ಮೆತ್ತಗಿನ ಹುಡುಗ. ಏನು ಮಾಡಲಿ ಸಾರ್?
– ಒಬ್ಬ ತಾಯಿ, ಮೈಸೂರು

ಉತ್ತರ: ಮೇಡಂ, ಆ ಹುಡುಗ ತಾನು ಗೆದ್ದ ಪಾಯಿಂಟಿಗೆ ಕೂಗಿದ್ದನ್ನು ನಾನು ತಪ್ಪು ಅನ್ನಲ್ಲ. ನಿಮ್ಮ ಮಗನ ಸರ್ವಿಸ್ ನೆಟ್‌ಗೆ ಬಿದ್ದಾಗ ಅವನ ಮುಖ ನೋಡಿ ಕೂಗಿದ್ದು ಖಂಡಿತ ತಪ್ಪು. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ.

ಈ ಆಟದಲ್ಲಿ ಕೂಗು ಬರುವುದು ಸಹಜ. ಒಂದು ರ‍್ಯಾಲಿ ಮೂರೋ ನಾಲ್ಕೋ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಅಷ್ಟರಲ್ಲಿ ಕಣ್ಣು, ಕಾಲು, ಮಣಿಕಟ್ಟು ಎಲ್ಲಾ ಬಿಗಿಯಾಗಿರುತ್ತವೆ, ಆ ಬಿಗಿ ಎಲ್ಲಾದರೂ ಹೊರಗೆ ಹೋಗಬೇಕು. ಹಿಂದೆ ಒಂದು ಗೇಮ್ 21 ಪಾಯಿಂಟಿಗೆ ಇತ್ತು. 2001ರಲ್ಲಿ ಅದನ್ನು 11ಕ್ಕೆ ಇಳಿಸಿದರು. ನಾಲ್ಕು ಪಾಯಿಂಟ್ ಜಾರಿದರೆ ಗೇಮೇ ಕೈಬಿಟ್ಟಂತೆ. ಆಮೇಲೇ ಪ್ರತಿ ಪಾಯಿಂಟಿಗೂ ಕೂಗು ಜಾಸ್ತಿಯಾಯಿತು ಅನ್ನೋದು ನನ್ನ ಅನಿಸಿಕೆ. ಜಪಾನಿನ ಹರಿಮೊಟೊ 2017ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ತನ್ನದೇ ದೇಶದ ಮಿಜುಟಾನಿಯನ್ನು ಸೋಲಿಸಿದಾಗ ಅವನಿಗೂ 13 ವರ್ಷ, ನಿಮ್ಮ ಮಗನಷ್ಟೇ! ಮಿಜುಟಾನಿ ಅದರ ಹಿಂದಿನ ವರ್ಷ ರಿಯೊ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದಿದ್ದವರು. ಆ ಹುಡುಗನ ‘ಚೋರೆ!’ ಅನ್ನೋ ಕೂಗು ಅವನ ಬ್ಯಾಕ್‌ಹ್ಯಾಂಡಿನಷ್ಟೇ ಹೆಸರುವಾಸಿ. ಕೆಲವರಿಗೆ ಅದು ಕಿರಿಕಿರಿ. ನನಗೆ ಅದರಲ್ಲಿ ಅಂಥ ದೋಷ ಕಾಣಲ್ಲ. ಅವನು ತನ್ನನ್ನೇ ಹುರಿದುಂಬಿಸಿಕೊಳ್ಳುತ್ತಾನೆ ಅಷ್ಟೇ.

ಇನ್ನು ನಿಯಮ. ಗೆದ್ದ ಖುಷಿಗೆ ಕೂಗಬಾರದು ಅಂತ ಇಲ್ಲ. ಆದರೆ ಎದುರಾಳಿಗೆ ಅನ್ಯಾಯವಾಗಿ ತೊಂದರೆ ಕೊಡುವ, ನೋಡಲು ಬಂದವರಿಗೆ ನೋವು ಮಾಡುವ, ಆಟದ ಹೆಸರು ಕೆಡಿಸುವ ನಡವಳಿಕೆ ಬೇಡ ಅಂತ ಸ್ಪಷ್ಟವಾಗಿದೆ. ಮೊದಲ ಸಲ ಹಳದಿ ಕಾರ್ಡ್. ಅದೇ ಪಂದ್ಯದಲ್ಲಿ ಮತ್ತೆ ಮಾಡಿದರೆ ಹಳದಿ, ಕೆಂಪು ಎರಡನ್ನೂ ಒಟ್ಟಿಗೆ ಎತ್ತಿ ಎದುರಾಳಿಗೆ ಒಂದು ಪಾಯಿಂಟ್ ಕೊಡುತ್ತಾರೆ, ಮೂರನೇ ಸಲಕ್ಕೆ ಎರಡು ಪಾಯಿಂಟ್. ಆಮೇಲೂ ನಿಲ್ಲಿಸದಿದ್ದರೆ ವಿಷಯ ಇಡೀ ಟೂರ್ನಿಯ ಉಸ್ತುವಾರಿ ಹೊತ್ತ ರೆಫ್ರಿ ಹತ್ತಿರ ಹೋಗುತ್ತದೆ. ಮಕ್ಕಳ ಟೂರ್ನಿಗಳಲ್ಲಿ ಅಂಪೈರ್‌ಗಳು ಕಾರ್ಡ್ ಜೇಬಿನಿಂದ ತೆಗೆಯೋದೇ ಅಪರೂಪ. ‘ಮಕ್ಕಳು ಬಿಡಿ’ ಅಂತಾರೆ. ಇದು ನನಗೆ ಬಹಳ ಬೇಸರ ತರುವ ವಿಷಯ. ಆ ವಯಸ್ಸಿನಲ್ಲೇ ಅಲ್ವಾ ಹೇಳಿಕೊಡಬೇಕಾದ್ದು?

ಮಗನಿಗೆ ಒಂದು ಮಾತು ಹೇಳಿಕೊಡಿ. ರ‍್ಯಾಲಿ ನಡೆಯುವಾಗ ಎದುರಿನವನು ಕೂಗಿದರೆ ಆಟ ನಿಲ್ಲಿಸಿ ಕೈ ಎತ್ತಬೇಡ, ಅಂಪೈರ್ ‘ಲೆಟ್’, ಅಂದರೆ ಆ ಪಾಯಿಂಟ್ ಮತ್ತೆ ಆಡಿ, ಅನ್ನದಿದ್ದರೆ ಪಾಯಿಂಟ್ ಹೋಗುತ್ತದೆ. ಆಡಿ ಮುಗಿಸು, ಆಮೇಲೆ ನೇರವಾಗಿ ಅಂಪೈರ್ ಹತ್ತಿರ ಹೇಳು. ಮೆಲ್ಲಗೆ, ಒಂದೇ ವಾಕ್ಯ. ನೀವು ಮಾತ್ರ ಗ್ಯಾಲರಿಯಿಂದ ಕೂಗಾಡಬೇಡಿ. ಎಷ್ಟೋ ಪಂದ್ಯಗಳಲ್ಲಿ ಮಕ್ಕಳಿಗಿಂತ ಅಪ್ಪ ಅಮ್ಮಂದಿರ ಗಲಾಟೆಯೇ ಜಾಸ್ತಿ, ಅದರ ಭಾರ ಹೊರುವುದು ಟೇಬಲ್ ಮುಂದೆ ನಿಂತ ಮಗು.

ಕೂಗೋದು ಕಲಿಸಬೇಕಾ ಅಂದ್ರೆ, ಬೇಡ. ಬಂದರೆ ಬರಲಿ. ಸ್ವೀಡನ್ನಿನ ವಾಲ್ಡ್‌ನರ್ 1992ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದವರು, 1997ರಲ್ಲಿ ಒಂದು ಗೇಮನ್ನೂ ಬಿಟ್ಟುಕೊಡದೆ ವಿಶ್ವ ಚಾಂಪಿಯನ್ ಆದವರು. ಕೂಗಾಟಕ್ಕೆ ಹೆಸರಾದವರಲ್ಲ. ಮೆತ್ತಗಿನ ಹುಡುಗನಿಗೆ ಬೇರೆ ದಾರಿಗಳಿವೆ. ಎದುರಿನವನು ಕೂಗಿದ ತಕ್ಷಣ ಅವನಿಗೆ ಬೆನ್ನು ಹಾಕಿ ಚೆಂಡು ತರಲು ತಾನೇ ನಡೆದು ಹೋಗಲಿ. ಬ್ಯಾಟಿನ ರಬ್ಬರ್ ಮೇಲೆ ಒಂದು ಸಲ ಅಂಗೈ ಒರೆಸಿಕೊಳ್ಳಲಿ, ಉಸಿರು ಪೂರ್ತಿ ಬಿಡಲಿ. ಪ್ರತಿ ಆರು ಪಾಯಿಂಟಿಗೊಮ್ಮೆ ಟವೆಲ್ ತೆಗೆದುಕೊಳ್ಳಲು ಅವಕಾಶ ಇದೆ, ಬೆವರು ಇಲ್ಲದಿದ್ದರೂ ಹೋಗಲಿ. ಇದನ್ನು ಪ್ರಾಕ್ಟೀಸ್‌ನಲ್ಲೇ ಮಾಡಿಸಿ. ಜೊತೆಯ ಹುಡುಗರಿಗೆ ಬೇಕಂತಲೇ ಕೂಗಲು ಹೇಳಿ ಆಡಿಸಿ. ಕೆಲವು ವಾರದಲ್ಲಿ ಆ ಸದ್ದು ಅವನಿಗೆ ಫ್ಯಾನ್ ತಿರುಗುವ ಸದ್ದಿನ ಹಾಗೆ ಆಗಿಬಿಡುತ್ತದೆ.

ಪ್ರಶ್ನೆ: ನನಗೆ 16 ವರ್ಷ. ಮೊದಲ ಸುತ್ತುಗಳಲ್ಲಿ ನಮಗೆ ಅಂಪೈರ್ ಇರಲ್ಲ, ನಾವೇ ಸ್ಕೋರ್ ಹೇಳಿಕೊಂಡು ಆಡಬೇಕು. ಒಂದು ಸಲ ಎದುರಾಳಿ ಹೊಡೆದ ಚೆಂಡು ಟೇಬಲ್ ಅಂಚಿಗೆ ತಾಗಿತ್ತು, ಅವಳಿಗೆ ಗೊತ್ತೇ ಆಗಿರಲಿಲ್ಲ. ನಾನೇ ಹೇಳಿದೆ, ಆ ಗೇಮ್ ಸೋತೆ. ಗೆಳತಿಯರು ‘ಪೆದ್ದು’ ಅಂದರು. ಸುಮ್ನೆ ಇರಬೇಕಿತ್ತಾ?
– ಧಾರವಾಡದ ಆಟಗಾರ್ತಿ

ಉತ್ತರ: ಇಲ್ಲಮ್ಮಾ. ನೀನು ಮಾಡಿದ್ದೇ ಸರಿ, ಈ ಮಾತನ್ನು ನಾನು ಪೂರ್ತಿ ಮನಸ್ಸಿನಿಂದ ಹೇಳ್ತಿದೀನಿ.

2005ರಲ್ಲಿ ಶಾಂಘೈಯಲ್ಲಿ ವಿಶ್ವ ಚಾಂಪಿಯನ್‌ಷಿಪ್. ಜರ್ಮನಿಯ ಟಿಮೊ ಬೋಲ್, ಚೀನಾದ ಲಿಯು ಗುವೊಝೆಂಗ್. ಏಳನೇ ಗೇಮ್, ಬೋಲ್‌ಗೆ ಮ್ಯಾಚ್ ಪಾಯಿಂಟ್. ಲಿಯು ಹೊಡೆದ ಚೆಂಡು ಹೊರಗೆ ಹೋಯಿತು ಅಂತ ಅಂಪೈರ್ ಅಂದುಕೊಂಡರು, ಅಂದರೆ ಪಂದ್ಯವೇ ಮುಗಿಯಿತು. ಆಗ ಬೋಲ್ ತಾನಾಗಿ, ಇಲ್ಲ, ಅಂಚಿಗೆ ತಾಗಿದೆ ಅಂತ ತೋರಿಸಿದ. ಪಾಯಿಂಟ್ ಲಿಯುಗೆ ಹೋಯಿತು, ಕೊನೆಗೆ ಪಂದ್ಯವೂ ಲಿಯುಗೇ ಹೋಯಿತು. ಸುತ್ತ ಕೂತಿದ್ದವರು ಚೀನಾದ ಪ್ರೇಕ್ಷಕರು. ಬೋಲ್ ಎಂದರೆ ಅವರಿಗೆ ಈಗಲೂ ಬಹಳ ಪ್ರೀತಿ. 2024ರ ಪ್ಯಾರಿಸ್ ಒಲಿಂಪಿಕ್ಸ್‌ವರೆಗೂ ಅವನು ದೇಶಕ್ಕಾಗಿ ಆಡಿದ.

ಅಂಚಿನ ಚೆಂಡು ಬಹಳ ಸೂಕ್ಷ್ಮ. ಮೇಲಿನ ಅಂಚಿಗೆ ತಾಗಿದರೆ ಚೆಂಡು ಒಳಗೆ, ಕೆಳಗಿನ ಪಕ್ಕಕ್ಕೆ ತಾಗಿದರೆ ಹೊರಗೆ. ಎಷ್ಟೋ ಸಲ ಅದರ ಹತ್ತಿರ ನಿಂತವಳಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಾಗಲ್ಲ. ನೀನು ಹೇಳದಿದ್ದರೆ ಹೇಳುವವರೇ ಇಲ್ಲ. ನೆಟ್‌ಗೆ ತಾಗಿ ಆ ಕಡೆ ಮೆಲ್ಲಗೆ ಬಿದ್ದ ಚೆಂಡಿಗೆ ಬೆರಳೆತ್ತಿ ‘ಸಾರಿ’ ಅನ್ನುತ್ತೀವಲ್ಲ, ಅಂಥ ಪಾಯಿಂಟಿಗೆ ‘ಚೋ’ ಅಂತ ಕೂಗುವವರನ್ನು ನೋಡಿದರೆ ನನಗೆ ಮೈ ಉರಿಯುತ್ತದೆ.

ಇನ್ನೊಂದು ವಿಷಯ. ಎದುರಿನವಳು ಬೇಕಂತಲೇ ಸುಳ್ಳು ಹೇಳುತ್ತಿದ್ದಾಳೆ ಅನ್ನಿಸಿದರೆ ಜಗಳಕ್ಕೆ ಇಳಿಯಬೇಡ. ಆಟ ನಿಲ್ಲಿಸಿ ರೆಫ್ರಿ ಹತ್ತಿರ ಹೋಗಿ ಅಂಪೈರ್ ಬೇಕು ಅಂತ ಕೇಳು. ಕೇಳೋದಕ್ಕೆ ಸಂಕೋಚ ಯಾಕೆ?

ಪ್ರಶ್ನೆ: ನಮ್ಮ ಕ್ಲಬ್ಬಿನ ಒಬ್ಬ ಯುವಕ ಸೋತರೆ ಬ್ಯಾಟನ್ನು ಟೇಬಲ್‌ಗೆ ಬಡಿಯುತ್ತಾನೆ, ಸರ್ವಿಸ್ ಮಾಡುವಾಗ ಜೋರಾಗಿ ಕಾಲು ಬಡಿಯುತ್ತಾನೆ, ಕೈ ಕುಲುಕದೆ ಹೊರಟುಹೋಗುತ್ತಾನೆ. ಒಳ್ಳೆ ಆಟಗಾರ ಅಂತ ಯಾರೂ ಬಾಯಿ ಬಿಡಲ್ಲ.
– ಹಿರಿಯ ಓದುಗರು, ದಾವಣಗೆರೆ

ಉತ್ತರ: ಕಾಲು ಬಡಿಯುವ ಚಾಳಿ ಹಳೆಯದು. ಚೆಂಡು ರಬ್ಬರಿಗೆ ತಾಗಿದ ಸದ್ದಿನಿಂದಲೂ ಯಾವ ಬದಿಯಲ್ಲಿ ಹೊಡೆದರು, ಎಷ್ಟು ಸ್ಪಿನ್ ಇದೆ ಅಂತ ಊಹಿಸಬಹುದು. ಬ್ಯಾಟಿನ ಎರಡೂ ಬದಿಗೆ ಒಂದೇ ಬಣ್ಣ, ಆದರೆ ಬೇರೆ ಬೇರೆ ಗುಣದ ರಬ್ಬರ್ ಇರುತ್ತಿದ್ದ ಕಾಲದಲ್ಲಿ, ಆ ಸದ್ದು ಕೇಳಿಸದ ಹಾಗೆ ಕೆಲವರು ಕಾಲು ಬಡಿಯುತ್ತಿದ್ದರು. 80ರ ದಶಕದಲ್ಲಿ ಎರಡು ಬದಿಗೂ ಬೇರೆ ಬಣ್ಣ ಇರಲೇಬೇಕು ಅನ್ನುವ ನಿಯಮ ಬಂತು. ಕಾಲು ಸಹಜವಾಗಿ ಊರಿದ ಸದ್ದಿಗೆ ಆಕ್ಷೇಪ ಬೇಡ, ಬೇಕಂತಲೇ ಬಡಿದರೆ ಹೇಳಲೇಬೇಕು.

ಒಳ್ಳೆ ಆಟಗಾರ ಅಂತ ಬಿಡುವ ಮಾತಿಗೆ ಒಂದು ಉದಾಹರಣೆ ಕೊಡ್ತೀನಿ. ಚೀನಾದ ಝಾಂಗ್ ಜಿಕೆ ಒಲಿಂಪಿಕ್ ಚಾಂಪಿಯನ್, ಎರಡು ಸಲ ವಿಶ್ವ ಚಾಂಪಿಯನ್. 2014ರಲ್ಲಿ ಡ್ಯುಸೆಲ್‌ಡಾರ್ಫ್‌ನಲ್ಲಿ ಮಾ ಲಾಂಗ್‌ನನ್ನು ಸೋಲಿಸಿ ವಿಶ್ವಕಪ್ ಗೆದ್ದ ಖುಷಿಯಲ್ಲಿ ಅಂಕಣದ ಸುತ್ತ ಇಟ್ಟಿದ್ದ ಬೋರ್ಡುಗಳನ್ನು ಒದ್ದು ಮುರಿದ. ಕಪ್ ಕೊಟ್ಟರು. 45,000 ಡಾಲರ್ ಬಹುಮಾನದ ಹಣ ಪೂರ್ತಿ ತಡೆಹಿಡಿದರು. ಅವನಿಗೇ ರಿಯಾಯಿತಿ ಸಿಗಲಿಲ್ಲ, ನಿಮ್ಮ ಕ್ಲಬ್ಬಿನ ಹುಡುಗನಿಗೆ ಯಾಕೆ ಬೇಕು?

ಎಲ್ಲರ ಮುಂದೆ ಬೈಯಬೇಡಿ ಸಾರ್, ಅವನು ಇನ್ನೂ ಹಠ ಹಿಡಿಯುತ್ತಾನೆ. ಅವನು ಗೌರವಿಸುವ ಒಬ್ಬ ಹಿರಿಯ ಆಟಗಾರರು ಪಕ್ಕಕ್ಕೆ ಕರೆದು ಹೇಳಲಿ: ಟೇಬಲ್‌ಗೆ ಬಡಿದರೆ ಆ ದಿನದ ಆಟ ಅಲ್ಲಿಗೆ ಮುಗೀತು, ಕೈ ಕುಲುಕದೆ ಹೋದರೆ ಮುಂದಿನ ವಾರದ ಪಟ್ಟಿಯಲ್ಲಿ ಹೆಸರಿಲ್ಲ. ಅದನ್ನೇ ನೋಟಿಸ್ ಬೋರ್ಡಿನಲ್ಲೂ ಹಾಕಿ, ಎಲ್ಲರಿಗೂ ಅನ್ವಯಿಸುವ ಹಾಗೆ, ಕಾರ್ಯದರ್ಶಿಯ ಮಗನಿಗೂ ಸೇರಿ.